ಗ್ಯಾಸಿಲ್ಲದ ಪೇಂಟ್‌ಬಾಲ್ ಗನ್ನು, ಮದ್ದು ಹೊಡೆಯೋ ಪಂಪಿನ ಚರ್ಮ

ಮೊದಲ ಗುಂಡು ಬಿದ್ದಿದ್ದು ನನ್ನ ಚಪ್ಪಲಿಯಿಂದ ನಾಲ್ಕೇ ಹೆಜ್ಜೆ ಮುಂದೆ. ಒಡೆಯಲೂ ಇಲ್ಲ. ಹುಲ್ಲಿನ ಮೇಲೆ ಒಂದು ಸುತ್ತು ಉರುಳಿ ಸುಮ್ನೆ ಕೂತುಕೊಂಡಿತು. ಭಾವ ಒಮ್ಮೆ ಗುಂಡನ್ನು ನೋಡಿದ, ಒಮ್ಮೆ ನನ್ನ ಕೈಯಲ್ಲಿದ್ದ ಗ್ಯಾಸಿಲ್ಲದ ಹೊಸ ಪೇಂಟ್‌ಬಾಲ್ ಗನ್ನನ್ನು ನೋಡಿದ. "ಕೈಯಲ್ಲಿ ಒಗೆದ್ರೂ ಇದಕ್ಕಿಂತ ದೂರ ಹೋಗ್ತಿತ್ತಲ್ಲೋ ಮಾರಾಯ" ಅಂದ. ದುಡ್ಡು ಕೊಟ್ಟವನು ಅವನು, ತಗೋ ಅಂದವನು ನಾನು. ಹಾಗಾಗಿ ರಿಪೇರಿಯೂ ನನ್ನ ತಲೆಗೇ ಬಂತು.

ನಾನು ಕುಮಟಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಭಾವನ ಮನೆ ಘಟ್ಟದ ಮೇಲೆ, ಶಿರಸಿಯಿಂದ ಯಾಣದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಅಡಿಕೆ ತೋಟದ ಜೊತೆ ಒಂದು ಸಣ್ಣ ಹೋಂಸ್ಟೇ ಇಟ್ಟುಕೊಂಡಿದ್ದಾನೆ. ಮನೆ ಹಿಂದಿನ ಬೇಣದಲ್ಲಿ, ಅಂದರೆ ಹುಲ್ಲು ಬೆಳೆಯೋ ಜಾಗದಲ್ಲಿ, ಹಳೇ ಡ್ರಮ್ಮು, ಟಯರು, ಅಡಿಕೆ ದಬ್ಬೆಯ ತಡಿಕೆ ನಿಲ್ಲಿಸಿ ಬಂದವರಿಗೆ ಪೇಂಟ್‌ಬಾಲ್ ಆಡಿಸುತ್ತಾನೆ, ಬಣ್ಣದ ಗುಂಡಿನಲ್ಲಿ ಒಬ್ಬರಿಗೊಬ್ಬರು ಹೊಡೆಯುವ ಆಟ. ಯಾರೋ ಆಟ ನಿಲ್ಲಿಸಿದವರಿಂದ ತಂದ, ಗ್ಯಾಸಿನ ಒತ್ತಡದಲ್ಲಿ ಗುಂಡು ಹಾರಿಸುವ ನಾಲ್ಕು ಹಳೇ ಗನ್ನುಗಳಿವೆ. ಗನ್ನು ಗಟ್ಟಿಮುಟ್ಟಾಗಿವೆ, ಅದರ ಬಗ್ಗೆ ನನ್ನ ತಕರಾರಿಲ್ಲ. ತೊಂದರೆ ಪೂರ್ತಿ ಗ್ಯಾಸಿನದು.

ಅದು ಇಂಗಾಲದ ಡೈಆಕ್ಸೈಡ್, ಸೋಡಾದಲ್ಲಿ ಇರುತ್ತಲ್ಲ, ಅದೇ. ತುಂಬಿಸೋಕೆ ಹುಬ್ಬಳ್ಳಿಗೆ ಹೋಗಬೇಕು, ಶಿರಸಿಯಿಂದ ಹೆಚ್ಚುಕಡಿಮೆ 100 ಕಿಮೀ. ಶನಿವಾರ ಸಂಜೆ ಗ್ಯಾಸ್ ಖಾಲಿಯಾದರೆ ಭಾನುವಾರದ ಆಟ ಮುಗಿದ ಹಾಗೇ. ಜೊತೆಗೆ ಇದನ್ನು ಒತ್ತಡ ನೋಡಿ ತುಂಬೋಕೆ ಬರೋದಿಲ್ಲ, ತೂಕ ನೋಡಿಯೇ ತುಂಬಬೇಕು, ಯಾಕೆಂದರೆ ಒಳಗೆ ಅದು ನೀರಿನ ಹಾಗೆ ದ್ರವವಾಗಿ ಕೂತಿರುತ್ತೆ. ಸಿಲಿಂಡರ್ ಮುಕ್ಕಾಲು ತುಂಬಿದ್ದರೂ ಕಾಲು ತುಂಬಿದ್ದರೂ ಗೇಜಿನ ಮುಳ್ಳು ಒಂದೇ ಕಡೆ. 20 ಔನ್ಸಿನದಾದರೆ 567 ಗ್ರಾಂ ಗ್ಯಾಸು, ಅದಕ್ಕಿಂತ ಜಾಸ್ತಿ ಹಾಕಿ ಬಿಸಿಲಲ್ಲಿಟ್ಟರೆ ಕವಾಟದ ಪಕ್ಕದ ತೆಳು ತಾಮ್ರದ ಬಿಲ್ಲೆ ಒಡೆದು ಗ್ಯಾಸ್ ಹೊರಗೆ ನುಗ್ಗುತ್ತೆ. ಒಡೆಯಲಿ ಅಂತಲೇ ಆ ಬಿಲ್ಲೆ ಇಟ್ಟಿರೋದು, ಅದು ಒಡೆಯದಿದ್ದರೆ ಸಿಲಿಂಡರೇ ಸಿಡಿಯಬೇಕು.

ಬಿಸಿಲಿನ ಕತೆ ನನಗೆ ಗೊತ್ತಾಗಿದ್ದು ಹೋದ ಏಪ್ರಿಲ್‌ನಲ್ಲಿ. ಒಂದು ಗನ್ನು ಗ್ಯಾಸ್ ಸೋರುತ್ತೆ ಅಂತ ಭಾವ ಕುಮಟಾಕ್ಕೆ ಕಳಿಸಿದ್ದ. ಸೋರಿಕೆ ಐದು ನಿಮಿಷದ ಕೆಲಸ. ಸಿಲಿಂಡರ್ ಕೂರುವ ಜಾಗದ ಒ-ರಿಂಗು, ಅಂದರೆ ಸೋರದ ಹಾಗೆ ತಡೆಯುವ ಬಳೆಯಂಥ ಉಂಗುರ, ಒಳಗಿನ ಅಳತೆ 14 ಎಂಎಂ, ದಪ್ಪ 1.78, ಅದನ್ನು ಬದಲಾಯಿಸಿದರೆ ಆಯಿತು. ಯಾರಾದರೂ ಈ ಗನ್ನು ಇಟ್ಟುಕೊಂಡಿದ್ದರೆ ಆ ಅಳತೆಯದು ಒಂದು ಡಜನ್ ಯೂರಿಥೇನ್ ರಿಂಗ್ ತಂದಿಟ್ಟುಕೊಳ್ಳಿ. ನಲ್ಲಿಗೆ ಹಾಕುವ ಕಪ್ಪು ರಬ್ಬರಿಗೆ ಈ ಗ್ಯಾಸ್ ಹಿಡಿದುಕೊಂಡು ಅದು ಇಡ್ಲಿ ಹಾಗೆ ಉಬ್ಬುತ್ತೆ. ಸಿಲಿಂಡರ್ ಬಿಚ್ಚಿದಾಗ ಅದೂ ಕಿತ್ತುಕೊಂಡು ಹೋಗುತ್ತೆ.

ರಿಪೇರಿ ಆದಮೇಲೆ ಗುಂಡಿನ ವೇಗ ಅಳೆಯೋಣ ಅನಿಸಿತು. ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಹಾಗಾಗಿ ಮೊಬೈಲ್. ಗನ್ನಿನ ಬಾಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿ ಒಂದು ತಗಡು ನಿಲ್ಲಿಸಿ, ಮೊಬೈಲನ್ನು ಗನ್ನಿನ ಪಕ್ಕ ಇಟ್ಟು ರೆಕಾರ್ಡ್ ಒತ್ತಿ ಹೊಡೆಯೋದು. ಆಮೇಲೆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನೋ ಸದ್ದಿನ ಸಾಫ್ಟ್‌ವೇರಿಗೆ ಹಾಕಿ ನೋಡಿದರೆ ಎರಡು ಮುಳ್ಳು ಕಾಣುತ್ತೆ, ಒಂದು ಗನ್ನಿನ ಸದ್ದು, ಇನ್ನೊಂದು ತಗಡಿನದು. ನಡುವಿನ ಹೊತ್ತಲ್ಲಿ ತಗಡಿನ ಸದ್ದು ವಾಪಸು ಮೊಬೈಲಿಗೆ ಬರೋಕೆ ಹಿಡಿದ ಹೊತ್ತನ್ನು ಕಳೆಯಬೇಕು. ನಮ್ಮ ಸೆಕೆಗೆ ಸದ್ದಿನ ವೇಗ ಸೆಕೆಂಡಿಗೆ 347 ಮೀಟರ್ ಅಂತ ಹಿಡಿದರೆ ಅದು 0.0144 ಸೆಕೆಂಡು. ಉಳಿದಿದ್ದು ಗುಂಡು ಹಾರಿದ ಹೊತ್ತು. 5 ಮೀಟರನ್ನು ಅದರಿಂದ ಭಾಗಿಸಿದರೆ ಸರಾಸರಿ ವೇಗ. ಬಾಯಿಯಲ್ಲಿನ ವೇಗ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತೆ, ಗಾಳಿ ತಡೆಯುತ್ತಲ್ಲ. ಹೋಲಿಸಿ ನೋಡೋಕೆ ಇಷ್ಟು ಸಾಕು.

ಬೆಳಿಗ್ಗೆ ಏಳು ಗಂಟೆಗೆ ಬಂದಿದ್ದು 0.077 ಸೆಕೆಂಡು. ಕಳೆದು ಭಾಗಿಸಿದರೆ ಸೆಕೆಂಡಿಗೆ 80 ಮೀಟರ್, ಅಂದರೆ 262 ಅಡಿ. ಸರಿ ಇದೆ ಅಂತ ಮುಗಿಸಿದೆ. ಮಧ್ಯಾಹ್ನ ಊಟ ಮಾಡಿ ಬಂದು ಸುಮ್ನೆ ಇನ್ನೊಮ್ಮೆ ಹೊಡೆದೆ. ವೇಗ ಹೆಚ್ಚುಕಡಿಮೆ ಮಾಡುವ ಸ್ಕ್ರೂ ಮುಟ್ಟಿಲ್ಲ, ಗುಂಡು ಅದೇ, ತಗಡು ಅದೇ. 0.0685. ಲೆಕ್ಕ ಹಾಕಿದರೆ 303 ಅಡಿ! ಆಟದಲ್ಲಿ ಸೆಕೆಂಡಿಗೆ 300 ಅಡಿ ದಾಟಬಾರದು ಅನ್ನೋದು ಎಲ್ಲ ಕಡೆಯ ನಿಯಮ, ಬಾಡಿಗೆ ಗನ್ನುಗಳನ್ನು 280ಕ್ಕೋ ಇನ್ನೂ ಕೆಳಗೋ ಇಡುತ್ತಾರೆ. ಇಲ್ಲಿ ಸರಾಸರಿಯೇ 303 ಅಂದರೆ ಬಾಯಲ್ಲಿ ಎಷ್ಟಿರಬೇಡ.

ಆಗಿದ್ದು ಇಷ್ಟೇ. ಈ ಗ್ಯಾಸಿನ ಒತ್ತಡ ಪೂರ್ತಿ ಸೆಕೆಯ ಮೇಲೆ ನಿಂತಿದೆ. 15 ಡಿಗ್ರಿಯಲ್ಲಿ ಸುಮಾರು 740 ಪಿಎಸ್‌ಐ, 21 ಡಿಗ್ರಿಯಲ್ಲಿ 850, 31 ಡಿಗ್ರಿಗೆ 1070. ಕಾರಿನ ಟಯರಿಗೆ ನಾವು 30 ಚಿಲ್ಲರೆ ಹೊಡೆಸೋದು, ಅದನ್ನು ಇಟ್ಟು ನೋಡಿ. 31 ಡಿಗ್ರಿ ದಾಟಿದ ಮೇಲೆ ಒಳಗೆ ದ್ರವ, ಆವಿ ಅನ್ನೋ ಬೇರೆ ಬೇರೆ ಲೆಕ್ಕವೇ ಇರೋದಿಲ್ಲ, ಸಿಲಿಂಡರ್ ಎಷ್ಟು ತುಂಬಿದೆಯೋ ಅದರ ಮೇಲೆ ಒತ್ತಡ ಸರ್ರನೆ ಏರುತ್ತೆ. ಕುಮಟಾ, ಅಂಕೋಲಾ, ಕಾರವಾರದಲ್ಲಿ ಏಪ್ರಿಲ್-ಮೇ ಮಧ್ಯಾಹ್ನ 31ಕ್ಕಿಂತ ಕೆಳಗೆ ಇರೋ ದಿನ ಎಲ್ಲಿದೆ? ಇನ್ನು ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಅದೇ ಗನ್ನು ಮುದುಕರ ಕೆಮ್ಮಿನ ಹಾಗೆ ಕೆಮ್ಮುತ್ತೆ. ಬೆಳಿಗ್ಗೆ ಒಂದು ಸಲ ಸ್ಕ್ರೂ ತಿರುಗಿಸಿ, ಮಧ್ಯಾಹ್ನ ಇನ್ನೊಂದು ಸಲ ತಿರುಗಿಸಿ, ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ. ಭಾವನಂತೂ ಇಲ್ಲ.

ಒತ್ತಿದ ಗಾಳಿಯ ಸಿಲಿಂಡರ್ ಹಾಕಿದರೆ ಈ ತಾಪತ್ರಯ ಇಲ್ಲ, ಅದರಲ್ಲಿ ದ್ರವ ಇರೋದಿಲ್ಲ, ಬಾಯಲ್ಲೇ ರೆಗ್ಯುಲೇಟರ್ ಇರುತ್ತೆ. ಆದರೆ ತುಂಬಿಸೋಕೆ 3000 ಪಿಎಸ್‌ಐ ಬೇಕು. ನಮ್ಮ ಕಡೆ ಅಷ್ಟು ಒತ್ತಡದ ಗಾಳಿ ಇರೋದು ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದುಕೊಂಡು ಹೋಗುವವರ ಹತ್ತಿರ. ಅವರ ಬೆನ್ನಿನ ಸಿಲಿಂಡರ್ ಸುಮಾರು 200 ಬಾರ್, ಅದೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಎರಡು ದಿನ ಅದೇ ಕನಸು ಕಂಡೆ. ಆಮೇಲೆ ಶಿರಸಿಯಿಂದ ಮುರುಡೇಶ್ವರಕ್ಕೆ ಘಟ್ಟ ಇಳಿದು ಹತ್ತುವ ಲೆಕ್ಕ ಹಾಕಿದೆ, ಹುಬ್ಬಳ್ಳಿಯೇ ವಾಸಿ. ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ: ಹಳೇ ಗ್ಯಾಸ್ ಸಿಲಿಂಡರಿಗೆ ಆ ಗಾಳಿ ತುಂಬುವ ಐಡಿಯಾ ಯಾರಿಗಾದರೂ ಬಂದರೆ ಬಿಟ್ಟುಬಿಡಿ. ಗ್ಯಾಸಿನದಕ್ಕೆ 1800 ಪಿಎಸ್‌ಐ ಕೆಲಸದ ಒತ್ತಡ ಅಂತ ಮೈಮೇಲೇ ಕೆತ್ತಿರುತ್ತೆ.

ಹೀಗೆ ತಿರುಗಿ ತಿರುಗಿ ಕೊನೆಗೆ ಸಿಕ್ಕಿದ್ದು ಸ್ಪ್ರಿಂಗ್ ಗನ್ನು. ಗ್ಯಾಸ್ ಇಲ್ಲ, ಬ್ಯಾಟರಿ ಇಲ್ಲ. ಬ್ಯಾರಲ್ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಒಳಗೆ ಒಂದು ದೊಡ್ಡ ಪಿಸ್ಟನ್ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಹೋಗಿ ಕೊಕ್ಕೆಗೆ ಕೂರುತ್ತೆ. ಮುಂದಕ್ಕೆ ತಳ್ಳಿದರೆ ಒಂದು ಗುಂಡು ಬ್ಯಾರಲ್ಲಿಗೆ ಬರುತ್ತೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಟ್ಟು ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ಅದರ ಮುಂದಿನ ಗಾಳಿ ಗುಂಡನ್ನು ಹೊರಗೆ ದಬ್ಬುತ್ತೆ. ಗುಂಡೂ ಸಣ್ಣದು. ಹಳೆಯದು ಪಾಯಿಂಟ್ 68 ಇಂಚು, 17.3 ಎಂಎಂ, ಒಂದೊಂದು 3 ಗ್ರಾಂ. ಇದು ಪಾಯಿಂಟ್ 50, ಅಂದರೆ 12.7 ಎಂಎಂ. ಬಂಗಾರದಂಗಡಿಯ ತಕ್ಕಡಿಯಲ್ಲಿ ಹತ್ತು ಗುಂಡು ಇಟ್ಟು ನೋಡಿದೆ, 12.4 ಗ್ರಾಂ. ಅಂಗಡಿಯವರು ಇದು ಯಾವ ಮುತ್ತು ಅಂತ ಕೇಳಿದರು.

ಮೊದಲ ಸಲ ಇದನ್ನು ಜಗಲಿಯಲ್ಲಿ ಬಿಚ್ಚಿಟ್ಟು ಹೇಗೆ ಕೆಲಸ ಮಾಡುತ್ತೆ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಎಲೆಅಡಿಕೆ ಕವಳ ಹಾಕುತ್ತ ಕೂತಿದ್ದ ಮಾವ, ಭಾವನ ಅಪ್ಪ, ಅಲ್ಲಿಂದಲೇ "ಇದು ನಮ್ಮ ಪೆಟ್ಲಂಡೆನೇ ಅಲ್ದನೋ ಮಾಣಿ" ಅಂದರು. ಹೌದಲ್ಲ! ಚೌತಿ ಹೊತ್ತಿಗೆ ಬಿದಿರಿನ ಕೊಳವೆಗೆ ಜುಮ್ಮನ ಕಾಯಿ ಅನ್ನೋ ಸಣ್ಣ ಕಾಡುಕಾಯಿ ಒಂದು ಹಾಕಿ ತುದಿವರೆಗೆ ದಬ್ಬಿ, ಹಿಂದಿನಿಂದ ಇನ್ನೊಂದು ಕಾಯಿ ಹಾಕಿ ಕೋಲಿನಲ್ಲಿ ಜೋರಾಗಿ ನೂಕಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಪಟ್ ಅಂತ ಹಾರುತ್ತೆ. ಹಿಂದಿನ ಕಾಯಿ ಅಂದರೆ ಇಲ್ಲಿನ ಪಿಸ್ಟನ್. ನಮ್ಮ ತೋಳಿನ ಬದಲು ಸ್ಪ್ರಿಂಗು, ಅಷ್ಟೇ ವ್ಯತ್ಯಾಸ. ಪೆಟ್ಲಂಡೆ ಪಟ್ ಅನ್ನದೆ ಪುಸ್ ಅಂದರೆ ಏನರ್ಥ? ಹಿಂದಿನ ಕಾಯಿ ಕೊಳವೆಗೆ ಸಣ್ಣದಾಯಿತು, ಪಕ್ಕದಿಂದ ಗಾಳಿ ಹೋಗ್ತಿದೆ ಅಂತ. ಚಪ್ಪಲಿ ಮುಂದೆ ಗುಂಡು ಬಿದ್ದಿದ್ದಕ್ಕೂ ಅದೇ ಕಾರಣ ಇರಬೇಕು ಅಂತ ಆಗಲೇ ಗುಮಾನಿ ಬಂತು.

ಗನ್ನು ತಂದಿದ್ದು ಎರಡು. ಒಂದು ಪರವಾಗಿಲ್ಲ, ಇನ್ನೊಂದು ಈ ಸೋಮಾರಿ. ಮಾರಿದವರಿಗೆ ಫೋನ್ ಮಾಡಿದರೆ ವಾಪಸ್ ಕಳಿಸಿ, ಮೂರು ವಾರ ಆಗುತ್ತೆ ಅಂದರು. ಮೂರು ವಾರದಲ್ಲಿ ಕ್ರಿಸ್‌ಮಸ್ ರಜೆಯೇ ಮುಗಿದು ಹೋಗುತ್ತೆ, ನಾನು ಸ್ಕ್ರೂಡ್ರೈವರ್ ತೆಗೆದೆ.

ಬಿಚ್ಚುವವರಿಗೆ ಒಂದು ಎಚ್ಚರಿಕೆ. ಕೊಕ್ಕೆಯಿಂದ ಬಿಟ್ಟ ಮೇಲೂ ಸ್ಪ್ರಿಂಗ್ ಒಳಗೆ ಅರ್ಧ ಒತ್ತಿಕೊಂಡೇ ಕೂತಿರುತ್ತೆ. ನನಗೆ ಗೊತ್ತಿತ್ತು, ಆದರೂ ಹಿಂದಿನ ಮುಚ್ಚಳದ ಕೊನೇ ಸ್ಕ್ರೂ ಬಿಚ್ಚುವಾಗ ಅಂಗೈ ಒತ್ತಿ ಹಿಡಿದರೆ ಸಾಕು ಅಂದುಕೊಂಡೆ. ಮುಚ್ಚಳ ಮೇಲೆ ಹೋಗಿ ಮಾಡಿನ ಹಂಚಿಗೆ ಬಡಿದು ಹಿಟ್ಟಿನ ಡಬ್ಬದ ಹಿಂದೆ ಬಿತ್ತು, ಸ್ಪ್ರಿಂಗು ಅಂಗಳಕ್ಕೆ. ಹಂಚು ಒಡೆಯಲಿಲ್ಲ, ಅತ್ತೆಗೆ ಗೊತ್ತಾಗಲಿಲ್ಲ. ಎರಡನೇ ಸಲದಿಂದ ಬಡಗಿಯವರ ಉದ್ದ ಕ್ಲಾಂಪ್ ಹಾಕಿ, ಒಂದೊಂದೇ ಸುತ್ತು ಸಡಿಲ ಮಾಡಿ ತೆಗೆದೆ. ಕಣ್ಣಿಗೆ ಆಟದ ಮಾಸ್ಕನ್ನೇ ಹಾಕಿಕೊಂಡೆ, ಪಕ್ಕದಲ್ಲೇ ಇರುತ್ತೆ, ಯಾಕೆ ಬಿಡಬೇಕು.

ಒಳಗಿನ ಗೋಡೆಗೆ ಬೆರಳು ಆಡಿಸಿದೆ. ನುಣ್ಣಗಿದೆ. ಪಿಸ್ಟನ್ ಪ್ಲಾಸ್ಟಿಕ್ಕಿನದು, ಅದರ ಮೂತಿಯ ಹತ್ತಿರ ಸುತ್ತ ಒಂದು ತೋಡು, ತೋಡಿನೊಳಗೆ ಒಂದು ಒ-ರಿಂಗು. ರಿಂಗನ್ನು ಉಗುರಲ್ಲಿ ಎತ್ತಿದರೆ ಒಂದು ಕಡೆ ಚಪ್ಪಟೆ, ಒಣ ಒಣ, ಎಣ್ಣೆಯ ಪಸೆ ಇಲ್ಲ. ಪಿಸ್ಟನ್ನನ್ನು ಕೊಳವೆಗೆ ಹಾಕಿ, ಬ್ಯಾರಲ್ ಬಾಯಿಗೆ ಹೆಬ್ಬೆರಳು ಒತ್ತಿ ನೂಕಿದೆ. ಬಿಗಿಯಾಗಿದ್ದರೆ ಗಾಳಿ ಒಳಗೇ ಸಿಕ್ಕಿ ಕೈಯನ್ನು ವಾಪಸು ದಬ್ಬಬೇಕು, ಸೈಕಲ್ ಪಂಪಿನ ಬಾಯಿ ಮುಚ್ಚಿದ ಹಾಗೆ. ಇದು ಸಲೀಸಾಗಿ ಹೋಗಿ ಕೊನೆ ಮುಟ್ಟಿತು. ಪೆಟ್ಲಂಡೆ ಪುಸ್.

ಮೊದಲ ಪ್ರಯತ್ನ ನಾನು ಮಾಡಿದ್ದು ಎಲ್ಲರೂ ಮಾಡೋದೇ, ದಪ್ಪ ಒ-ರಿಂಗ್ ಹಾಕಿದ್ದು. ಹೆಬ್ಬೆರಳ ಪರೀಕ್ಷೆಯಲ್ಲಿ ಪಾಸು, ಗಾಳಿ ಒಂದಿಷ್ಟೂ ಹೋಗಲಿಲ್ಲ. ಖುಷಿಯಿಂದ ಜೋಡಿಸಿ ಹೊಡೆದೆ. ಗುಂಡು ಮೊದಲಿಗಿಂತ ಹತ್ತಿರ ಬಿತ್ತು. ಬಿಗಿ ಆಗಿದ್ದೇ ಜಾಸ್ತಿ ಆಯಿತು, ಸ್ಪ್ರಿಂಗಿನ ಶಕ್ತಿ ಪೂರ್ತಿ ರಬ್ಬರ್ ಉಜ್ಜೋದರಲ್ಲೇ ಖರ್ಚು. ಎಳೆಯೋದು ನಿಧಾನ, ಕೈಯಲ್ಲಿ ನೂಕೋದು ನಿಧಾನ, ಅಲ್ಲಿ ರಬ್ಬರ್ ಚೆನ್ನಾಗಿ ಕಾಣುತ್ತೆ. ಬಿಟ್ಟಾಗ ಪಿಸ್ಟನ್ ಓಡಬೇಕಲ್ಲ.

ಆಗ ಪಂಪಿನವನ ಬುದ್ಧಿ ಓಡಿತು. ಅಡಿಕೆ ತೋಟಕ್ಕೆ ಕೊಳೆ ರೋಗದ ಮದ್ದು ಹೊಡೆಯೋ ಪಂಪು ಇರುತ್ತಲ್ಲ, ಕೆಳಗೆ ಒಬ್ಬ ಕೈಯಲ್ಲಿ ಹಿಂದೆ ಮುಂದೆ ಜಗ್ಗುತ್ತ ನಿಲ್ಲುತ್ತಾನೆ, ಮರದ ತುದಿಯಲ್ಲಿ ಇನ್ನೊಬ್ಬ ಮೈಲುತುತ್ತ ಸುಣ್ಣದ ನೀರು ಸಿಂಪಡಿಸುತ್ತಾನೆ. ಅದರೊಳಗೆ ಇರೋದು ಬಟ್ಟಲಿನ ಆಕಾರದ ಚರ್ಮದ ವಾಷರ್. ಅದರ ಅಂಚು ಸುಮ್ನೆ ಇದ್ದಾಗ ಗೋಡೆಗೆ ಮೆಲ್ಲಗೆ ತಾಗಿರುತ್ತೆ. ಮುಂದೆ ಒತ್ತಡ ಬಂದ ಕೂಡಲೇ ಅಂಚು ತಾನೇ ಅರಳಿ ಗೋಡೆಗೆ ಒತ್ತಿಕೊಳ್ಳುತ್ತೆ. ಒತ್ತಡ ಎಷ್ಟಿದೆಯೋ ಅಷ್ಟೇ ಬಿಗಿ, ಇಲ್ಲದಾಗ ಸಡಿಲ. ಸೀಮೆಎಣ್ಣೆಯ ಪಂಪ್ ಸ್ಟೋವಿನಲ್ಲೂ ಇದೇ. ಹಳೇ ಏರ್‌ಗನ್ನುಗಳ ಪಿಸ್ಟನ್ನಿನಲ್ಲೂ ಚರ್ಮವೇ ಇರುತ್ತಿತ್ತು, ಮಾರಿಕಾಂಬಾ ಜಾತ್ರೆಯಲ್ಲಿ ಬಲೂನಿಗೆ ಹೊಡೆಸುವ ಬಂದೂಕೂ ಆ ಜಾತಿಯದೇ.

ಶಿರಸಿ ಪೇಟೆಯಲ್ಲಿ ಪಂಪಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಗನ್ನಿನ ಕೊಳವೆಯ ಒಳಗಿನ ಅಳತೆ 35 ಎಂಎಂ. ಅಷ್ಟೇ ಅಳತೆಯದು ಸಿಗಲಿಲ್ಲ, 38ರದು ಸಿಕ್ಕಿತು, 40 ರೂಪಾಯಿ. ಚರ್ಮವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಮೆತ್ತಗೆ, ನೆನೆದ ಹಪ್ಪಳದ ಹಾಗೆ ಆಗಿತ್ತು. ಅದನ್ನು ಪಿಸ್ಟನ್ ಮೂತಿಗೆ ಸ್ಕ್ರೂ ಹಾಕಿ ಕೂರಿಸಿ, ಅಂಚು ಮುಂದಕ್ಕೆ ಮುಖ ಮಾಡಿರುವಂತೆ ನೋಡಿಕೊಂಡು, ಕೊಳವೆಯೊಳಗೆ ತಿರುಗಿಸುತ್ತ ತುರುಕಿದೆ. ಒಂದೂವರೆ ದಿನ ಹಾಗೇ ಬಿಟ್ಟೆ. ಒಣಗುವಾಗ ಚರ್ಮ ತಾನಿರುವ ಕೊಳವೆಯ ಆಕಾರಕ್ಕೇ ಬರುತ್ತೆ. ಹೊರಗೆ ತೆಗೆದು ಅಂಚನ್ನು ಬ್ಲೇಡಿನಿಂದ 5 ಎಂಎಂ ಎತ್ತರಕ್ಕೆ ಕೊಯ್ದು, ಹೊರಮೈಯನ್ನು ಸಣ್ಣ ಮರಳು ಕಾಗದದಲ್ಲಿ ನಾಲ್ಕು ಸುತ್ತು ತೀಡಿದೆ. ಹಳೇ ಒ-ರಿಂಗ್ ತೆಗೆದು ಬಿಸಾಕಿದೆ. ಪಿಸ್ಟನ್ ಮೂತಿಗೆ ಸ್ಕ್ರೂ ಹಾಕೋಕೆ ತೂತು ಕೊರೆಯುವಾಗ ನೆಟ್ಟಗೆ ಕೊರೆಯಬೇಕು, ಒಂಚೂರು ಓರೆಯಾದರೂ ಚರ್ಮ ಒಂದೇ ಕಡೆ ಸವೆಯುತ್ತೆ. ಸ್ಕ್ರೂ ತಲೆ ಪೂರ್ತಿ ಒಳಗೆ ಮುಳುಗಿರಬೇಕು, ಇಲ್ಲದಿದ್ದರೆ ಪ್ರತಿ ಹೊಡೆತಕ್ಕೂ ಅದು ಕೊಳವೆಯ ತಳಕ್ಕೆ ಕುಟ್ಟುತ್ತೆ.

ಚರ್ಮಕ್ಕೆ ಎಣ್ಣೆ ಕುಡಿಸಬೇಕಲ್ಲ, ಕೈಗೆ ಸಿಕ್ಕಿದ್ದು ತೆಂಗಿನೆಣ್ಣೆ. ಸಂಜೆ ಹೊಡೆದೆವು. ತಗಡಿಗೆ ಢಣ್ ಅಂತ! ಮಕ್ಕಳು ಕುಣಿದರು, ಭಾವ ಏನೂ ಮಾತಾಡದೆ ನನ್ನ ಕೈಯಿಂದ ಗನ್ನು ಕಿತ್ತುಕೊಂಡು ತಾನೂ ಹತ್ತು ಹೊಡೆದ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಗೆಸ್ಟುಗಳ ಮುಂದೆ ತೋರಿಸೋಕೆ ಅಂತ ಹಿಡಿ ಎಳೆದರೆ ಎಳೆಯೋಕೇ ಆಗ್ತಿಲ್ಲ. ಹೇಗೋ ಎಳೆದು ಹೊಡೆದರೆ ಮತ್ತೆ ಚಪ್ಪಲಿ ಮುಂದೆ. ಒಳಗೆ ಹೋಗಿ ಬಚ್ಚಲ ಕಟ್ಟೆಯ ಮೇಲಿದ್ದ ಎಣ್ಣೆ ಬಾಟಲಿ ನೋಡಿದೆ, ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ತೆಂಗಿನೆಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುತ್ತೆ, ಘಟ್ಟದ ಮೇಲೆ ಡಿಸೆಂಬರ್ ಬೆಳಿಗ್ಗೆ 15ಕ್ಕೆ ಬರುತ್ತೆ. ಕುಮಟಾದಲ್ಲಿ ಕೂತು ಮಾಡಿದ್ದರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ. ಗನ್ನನ್ನು ಬಚ್ಚಲ ಒಲೆಯ ಹತ್ತಿರ ಹತ್ತು ನಿಮಿಷ ಹಿಡಿದು ಆ ಬೆಳಗಿನ ಮಾನ ಉಳಿಸಿಕೊಂಡೆ. ಆಮೇಲೆ ಬಿಚ್ಚಿ, ಚರ್ಮವನ್ನು ಒರೆಸಿ ಸಿಲಿಕಾನ್ ಎಣ್ಣೆ ಹಾಕಿದೆ, ಅದು ಚಳಿಗೆ ಜಪ್ಪಯ್ಯ ಅನ್ನೋದಿಲ್ಲ. ಜಾಸ್ತಿ ಹಾಕಬೇಡಿ. ಎಣ್ಣೆ ಬ್ಯಾರಲ್ಲಿಗೆ ಹಾರಿದರೆ ಗುಂಡು ಜಾರಿ ಎಲ್ಲೆಲ್ಲೋ ಹೋಗುತ್ತೆ.

ಅಳತೆ: ರಿಪೇರಿಗೆ ಮೊದಲು, ಅದು ತಗಡನ್ನು ಮುಟ್ಟಿದ ಕೆಲವು ಸಲದಲ್ಲಿ ಒಳ್ಳೆಯದು 0.156, ಅಂದರೆ ಸೆಕೆಂಡಿಗೆ 35 ಮೀಟರ್. ಚರ್ಮ ಹಾಕಿದ ಮೇಲೆ ಹತ್ತು ಹೊಡೆತದ ಸರಾಸರಿ 0.104, ಅಂದರೆ 56 ಮೀಟರ್, 183 ಅಡಿ. ಜೊತೆಗೆ ತಂದ ಸರಿ ಇದ್ದ ಗನ್ನಿಗಿಂತ ಇದೇ ಸ್ವಲ್ಪ ಮುಂದೆ. ಮಧ್ಯಾಹ್ನ ಅಳೆದೆ, ಬೆಳಿಗ್ಗೆ ಅಳೆದೆ, ಒಂದು ವಾರ ಬಿಟ್ಟು ಕುಮಟಾಕ್ಕೆ ತಂದು ಅಳೆದೆ. ಎರಡು ಮೂರು ಮೀಟರಿನ ಆಚೆ ಈಚೆ ಅಷ್ಟೇ. ನನಗೆ ಬೇಕಾಗಿದ್ದು ಇದೇ.

ಪೆಟ್ಟು ಎಷ್ಟು ಅಂತ ಗೊತ್ತಾಗಬೇಕಲ್ಲ, ನಾನೇ ನಿಂತೆ. ಮಾಸ್ಕ್ ಹಾಕಿ, ಪ್ಯಾಂಟಿನ ಮೇಲೆ ತೊಡೆಗೆ, ಹತ್ತು ಹೆಜ್ಜೆಯಿಂದ. ಹೊಡೆದವಳು ಭಾವನ ಮಗಳು, ಎಣಿಸೋಕೆ ಮೊದಲೇ ಹೊಡೆದಳು. ಚುರ್ ಅಂತು, ಸವಳಿ ಇರುವೆ ಕಚ್ಚಿದ ಹಾಗೆ, ಸಂಜೆಗೆ ಕಲೆ ಇರಲಿಲ್ಲ. ಹಳೇ ಗ್ಯಾಸ್ ಗನ್ನಿನದು ಒಂದು ಸಲ ಬೆನ್ನಿಗೆ ತಿಂದಿದ್ದೆ, ನೇರಳೆ ಹಣ್ಣಿನ ಬಣ್ಣದ ಗುಂಡಗಿನ ಕಲೆ ಎಂಟು ದಿನ ಇತ್ತು. ಲೆಕ್ಕ ಹಾಕಿದರೂ ಹಾಗೇ ಬರುತ್ತೆ, ಇದರ ಗುಂಡಿನಲ್ಲಿ 2 ಜೌಲ್ ಚಿಲ್ಲರೆ, ಅದರದರಲ್ಲಿ 11ರ ಹತ್ತಿರ. ಆದರೂ ಕಣ್ಣಿಗೆ 2 ಜೌಲೂ ಸಾಕು. ಮಾಸ್ಕ್ ತೆಗೆದವರಿಗೆ ಬೇಣದಲ್ಲಿ ಜಾಗ ಇಲ್ಲ, ಅದು ಭಾವನ ಒಂದೇ ಒಂದು ಕಟ್ಟುನಿಟ್ಟು.

ಗುರಿಗೆ ಅಡಿಕೆ ಹಾಳೆ ಕಟ್ಟಿದೆವು. ಇದಕ್ಕಿಂತ ಒಳ್ಳೇ ಗುರಿಹಲಗೆ ದುಡ್ಡು ಕೊಟ್ಟರೂ ಸಿಗೋದಿಲ್ಲ, ಬಣ್ಣ ಎದ್ದು ಕಾಣುತ್ತೆ, ನೀರು ಹೊಯ್ದರೆ ಹೋಗುತ್ತೆ, ಹರಿದರೆ ಇನ್ನೊಂದು ಬಿದ್ದಿರುತ್ತೆ. 10 ಮೀಟರಿನಿಂದ ಹತ್ತರಲ್ಲಿ ಎಂಟು ಹಾಳೆಗೆ ಬಿತ್ತು. 20 ಮೀಟರಿನಿಂದ ಮೂರೇ. ಗುಂಡು ಹಗುರ, ಗಾಳಿಗೆ ಬೇಗ ಸೋಲುತ್ತೆ, ದೂರದ್ದಕ್ಕೆ ಗ್ಯಾಸ್ ಗನ್ನೇ ಸೈ. ಇನ್ನೊಂದು ತೊಂದರೆ ಹಿಡಿ ಎಳೆಯೋದು. ಅಡಿಕೆ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ, ಕೊನೆಯಲ್ಲಿ 11 ಕೆಜಿ. ಹತ್ತು ವರ್ಷದ ಮಾಣಿ ಗನ್ನಿನ ಹಿಂಬದಿಯನ್ನು ಹೊಟ್ಟೆಗೆ ಒತ್ತಿಕೊಂಡು ಎಳೆಯುತ್ತಾನೆ, ಮೂವತ್ತು ಹೊಡೆತಕ್ಕೆ "ಮಾವ, ನೀ ಎಳೆದು ಕೊಡು" ಅಂತ ಬರುತ್ತಾನೆ. ಒಂದೊಂದೇ ಎಳೆದು ಹೊಡೆಯೋದರಿಂದ ಗುಂಡು ಮಾತ್ರ ಉಳಿಯುತ್ತೆ. ಗ್ಯಾಸ್ ಗನ್ನು ಕೈಗೆ ಬಂದರೆ ಬೆಂಗಳೂರಿನವರು ಕಣ್ಣು ಮುಚ್ಚಿ ನೂರು ಹಾರಿಸಿಬಿಡುತ್ತಾರೆ. ಇದರಲ್ಲಿ ತಡಿಕೆ ಹಿಂದೆ ಕೂತು ಕಾಯುತ್ತಾರೆ, ಬಗ್ಗಿ ಓಡುತ್ತಾರೆ, ಆಟದ ರೀತಿಯೇ ಬೇರೆ.

ಪೇಂಟ್‌ಬಾಲಿನ ಮೊಟ್ಟಮೊದಲ ಆಟ ಹಾಗೇ ಇತ್ತಂತೆ. ಪೇಂಟ್‌ಬಾಲ್ ಗನ್ನು ಹುಟ್ಟಿದ್ದೇ ಆಟಕ್ಕಲ್ಲ, ಅಮೆರಿಕದ ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ದೂರದಿಂದ ಬಣ್ಣದ ಗುರುತು ಹಾಕೋಕೆ. ನೆಲ್ಸನ್ ಅನ್ನೋ ಬಣ್ಣದ ಕಂಪನಿ ಅದನ್ನು ನೆಲ್‌ಸ್ಪಾಟ್ 007 ಅಂತ ಮಾರುತ್ತಿತ್ತು. ನಮ್ಮಲ್ಲಿ ಅರಣ್ಯ ಇಲಾಖೆಯವರು ಮರದ ಬುಡಕ್ಕೆ ಹೋಗಿ ಸುತ್ತಿಗೆಯಲ್ಲಿ ಮುದ್ರೆ ಒತ್ತುತ್ತಾರೆ, ಅವರು ಅದನ್ನೇ ನಿಂತಲ್ಲಿಂದ ಮಾಡಿದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಅನ್ನೋ ಊರಿನ ಕಾಡಿನಲ್ಲಿ 12 ಜನ ಅದನ್ನು ಹಿಡಿದು ಆಡಿದರು, ಬಾವುಟ ಕಿತ್ತುಕೊಂಡು ಬರುವ ಆಟ. ಗೆದ್ದಿದ್ದು ಕಾಡಿನ ಕೆಲಸದವನೇ, ಒಂದೂ ಗುಂಡು ಹಾರಿಸದೆ. ಇದನ್ನು ಹೇಳಿದಾಗಿನಿಂದ ಮಾಣಿ ಗುಂಡು ತುಂಬಿಕೊಳ್ಳದೇ ಆಡೋಕೆ ಹೋಗಿ ಎರಡು ಸಲ ಸೋತಿದ್ದಾನೆ.

ಗುಂಡಿನ ವಿಷಯ ಹೇಳಲೇಬೇಕು, ನಮ್ಮ ಕಡೆ ಅದೇ ದೊಡ್ಡ ತಲೆನೋವು. ಹೊರಗಿನ ಸಿಪ್ಪೆ ಜೆಲಾಟಿನ್, ಮೀನೆಣ್ಣೆ ಮಾತ್ರೆಯ ಹಾಗೆ. ಒಳಗಿರೋದು ಗೋಡೆಯ ಪೇಂಟ್ ಅಲ್ಲ, ನೀರಲ್ಲಿ ಕರಗುವ ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಬಣ್ಣ. ಸಿಪ್ಪೆ ಗಾಳಿಯ ತೇವ ಎಳೆದುಕೊಂಡು ಉಬ್ಬುತ್ತೆ. ಬಾಯಿ ಬಿಟ್ಟಿಟ್ಟ ಚೀಲದಿಂದ ತೆಗೆದದ್ದನ್ನು ನಾಲ್ಕು ದಿನ ಬಿಟ್ಟು ಕ್ಯಾಲಿಪರ್ ಹಾಕಿ ನೋಡಿದರೆ 12.7 ಹೋಗಿ 13.1 ಆಗಿತ್ತು, ಒಂದೊಂದು ಕಡೆ ಗುಳಿ ಬೇರೆ. ಅಂಥದ್ದು ಬ್ಯಾರಲ್ಲಿನೊಳಗೇ ಒಡೆಯುತ್ತೆ. ಹೊಡೆಯೋಕೆ ಮೊದಲು ಒಂದು ಗುಂಡನ್ನು ಬ್ಯಾರಲ್ಲಿಗೆ ಹಾಕಿ ಹಿಂದಿನಿಂದ ಬಾಯಲ್ಲಿ ಊದಿ ನೋಡಿ (ಬ್ಯಾರಲ್ ಬಿಚ್ಚಿಟ್ಟುಕೊಂಡು, ಗನ್ನಿಗೆ ಬಾಯಿ ಇಡಬೇಡಿ). ತಾನೇ ಉರುಳಿ ಬಿದ್ದರೆ ಸಡಿಲ, ಊದಿದರೂ ಅಲ್ಲಾಡದಿದ್ದರೆ ಉಬ್ಬಿದೆ, ಊದಿದಾಗ ಪುಸಕ್ಕನೆ ಹೋದರೆ ಸರಿ.

ಇಡೋಕೆ ಏನೇನೋ ಡಬ್ಬ ನೋಡಿ ಕೊನೆಗೆ ಸರಿಹೋಗಿದ್ದು ಅತ್ತೆಯ ಹಲಸಿನ ಹಪ್ಪಳದ ಡಬ್ಬಿ. ಮಳೆಗಾಲ ಪೂರ್ತಿ ಹಪ್ಪಳ ಗರಿಗರಿಯಾಗಿ ಇಡುವ ಡಬ್ಬಿಗೆ ಗುಂಡು ಯಾವ ಲೆಕ್ಕ. ಅತ್ತೆಗೆ ಕೇಳದೇ ತಗೊಂಡಿದ್ದೆ, ಆ ಕತೆ ಇಲ್ಲಿ ಬೇಡ. ಈಗ ನನ್ನದೇ ಒಂದು ಡಬ್ಬಿ ಇದೆ, ಒಳಗೆ ಸಿಲಿಕಾ ಜೆಲ್ಲಿನ ನಾಲ್ಕು ಪೊಟ್ಟಣ. ನಾಯಿ ಇರುವ ಮನೆಯವರು ಡಬ್ಬಿ ಎತ್ತರದಲ್ಲಿಡಿ, ಬೇಣದಲ್ಲಿ ಬಿದ್ದಿದ್ದನ್ನೂ ಆರಿಸಿ. ಅದು ಸಿಹಿ ಅಂತ ನಾಯಿ ತಿನ್ನುತ್ತೆ, ಜಾಸ್ತಿ ತಿಂದರೆ ರಕ್ತದಲ್ಲಿ ಉಪ್ಪಿನಂಶ ಏರಿ ವಾಂತಿ, ನಡುಕ, ಜೀವಕ್ಕೂ ಅಪಾಯ.

ಪಕ್ಕದ ತೋಟದವರು ಒಬ್ಬರು ಬಂದು ಮಂಗ ಓಡಿಸೋಕೆ ಒಂದು ಕೊಡಿ ಅಂದರು. ಬಾಳೆಗೊನೆ ಒಂದೂ ಉಳಿದಿಲ್ಲ ಅವರಿಗೆ, ಕಷ್ಟ ನಮಗೂ ಗೊತ್ತು. ಆದರೂ ಕೊಡಲಿಲ್ಲ. ಮಂಗಕ್ಕೆ ಮಾಸ್ಕ್ ಇಲ್ಲ ಅಂತ ಭಾವ ಹೇಳಿದ, ಅವರು ನಗಲಿಲ್ಲ.

ಈಗಿನ ಲೆಕ್ಕ ಹೀಗಿದೆ. ಚರ್ಮ ಹಾಕಿ ಸುಮಾರು 900 ಹೊಡೆತ ಆಗಿದೆ, ಅಂಚು ಒಂದು ಕಡೆ ತುಸು ಹೊಳಪು ಬಂದಿದೆ ಅಷ್ಟೇ. ಗುಂಡು ಮುಂದೆ ಉರುಳದ ಹಾಗೆ ತಡೆಯುವ ರಬ್ಬರ್ ಮೊಳೆ ಸವೆದಿತ್ತು, ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಿದೆ, ಅದು ಎರಡು ಸಲ ಕಿತ್ತು ಬಂತು. ಇನ್ನೂ ಸರಿಯಾದ ಅಂಟು ಸಿಕ್ಕಿಲ್ಲ. ಕೊಕ್ಕೆಯ ಹಲ್ಲು ಪ್ಲಾಸ್ಟಿಕ್, ಅದು ಎಷ್ಟು ದಿನವೋ ನೋಡಬೇಕು. ಸವೆದರೆ ಹಿತ್ತಾಳೆಯಲ್ಲಿ ಒಂದು ತೀಡಿಕೊಳ್ಳುವ ಯೋಚನೆ ಇದೆ. ಗ್ಯಾಸ್ ಗನ್ನು ನಾಲ್ಕನ್ನೂ ಭಾವ ಅಟ್ಟಕ್ಕೆ ಹಾಕಿಲ್ಲ, ದೊಡ್ಡವರು ಕೇಳಿದರೆ ಬೆಳಿಗ್ಗೆ ಹೊತ್ತು ಮಾತ್ರ ಕೊಡುತ್ತಾನೆ.

ಚೆನ್ನಾಗಿದ್ದ ಎರಡನೇ ಗನ್ನೂ ಹೋದ ವಾರ ಪುಸ್ ಅನ್ನೋಕೆ ಶುರು ಮಾಡಿತು. ಭಾವ ಇನ್ನೂ ನಾಲ್ಕು ಗನ್ನು ತರುತ್ತೇನೆ, ಚರ್ಮ ಈಗಲೇ ತಂದಿಡು ಅಂದ. ಮತ್ತೆ ಅದೇ ಅಂಗಡಿಗೆ ಹೋಗಿ 38ರದು ಆರು ಕೊಡಿ ಅಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಒಂದು ಪಂಪಿಗೆ ವರ್ಷಕ್ಕೆ ಒಂದು ಚರ್ಮ, ಹೆಚ್ಚೆಂದರೆ ಎರಡು. "ತೋಟ ಎಷ್ಟು ಎಕರೆ ನಿಮ್ದು?" ಅಂತ ಕೇಳಿದರು.